ಬಿರುಕಿಗೆ ಬಳಿದ ಸುಣ್ಣ

ನಮ್ಮ ಅಡುಗೆಮನೆಯ ನೆಲವನ್ನು ಯಾರೂ ಹಾಕಿದ್ದಲ್ಲ. ಕೆರಾಡಿಯ ಕಾಡಂಚಿನಲ್ಲಿ ಹರಡಿಕೊಂಡಿದ್ದ ದೊಡ್ಡದೊಂದು ಹಾಸುಬಂಡೆಯನ್ನು ಊರವರು ಪಾದೆ ಎನ್ನುತ್ತಿದ್ದರು. ಅದರ ಪಡುವಣ ಅಂಚಿನ ಮೇಲೆ ಮನೆ ಕಟ್ಟಿದ ನಮ್ಮ ಹಿರಿಯರು ಅಡುಗೆಮನೆಗೆ ಬೇರೆ ನೆಲವೇ ಬೇಡವೆಂದು ತೀರ್ಮಾನಿಸಿದ್ದರು. ಸುತ್ತ ಕೆಂಪು ಮುರಕಲ್ಲಿನ ಗೋಡೆ, ಕೆಳಗೆ ಬರಿಯ ಬಂಡೆ. ಮೂಡಣ ಮೂಲೆಯಲ್ಲಿ ಆ ಬಂಡೆ ಮೊಣಕಾಲೆತ್ತರಕ್ಕೆ ಉಬ್ಬಿ ನಿಂತಿತ್ತು. ಒಲೆ ಅದರ ಮೇಲೆಯೇ ಕೂತಿತ್ತು. ಹೆಂಗಸರ ಪಾದಗಳು ಸವೆಸಿದ ಕಡೆ ನೆಲ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಯಾರೂ ಕಾಲಿಡದ ಒಲೆಯ ಹಿಂಬದಿಯಲ್ಲಿ ಮಾತ್ರ ಅದರ ಹುಟ್ಟುಬಣ್ಣ ಉಳಿದಿತ್ತು: ಬೂದು, ಬಿಳಿ, ನಸುಗೆಂಪು ಹರಳುಗಳು, ನಡುನಡುವೆ ಹೊಳೆಯುವ ಕರಿಯ ಚಕ್ಕೆಗಳು. ನಾನು ಅಕ್ಷರ ಕಲಿತದ್ದು ಆ ನೆಲದ ಮೇಲೆ ಮಸಿತುಂಡಿನಿಂದ ಬರೆದು. ಬೇಸಗೆಯ ಮಧ್ಯಾಹ್ನ ಮಲಗುತ್ತಿದ್ದದ್ದೂ ಅಲ್ಲೇ, ಚಾಪೆಯಿಲ್ಲದೆ, ಕೆನ್ನೆಯನ್ನು ಕಲ್ಲಿಗೊತ್ತಿ. ಎದ್ದಾಗ ಕೆನ್ನೆಯ ಮೇಲೆ ಹರಳುಗಳ ಗುರುತು ಮೂಡಿರುತ್ತಿತ್ತು.

ಅಪ್ಪಯ್ಯ ಬ್ರಹ್ಮಾವರದಲ್ಲಿ ಸಣ್ಣದೊಂದು ಹೋಟೆಲು ನಡೆಸುತ್ತಿದ್ದುದರಿಂದ ವಾರಕ್ಕೊಮ್ಮೆ ಬರುವ ನೆಂಟರಂತಿದ್ದರು. ಅಮ್ಮ ಹಟ್ಟಿಯಂಗಡಿಯ ಕಡೆಯ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಬರುತ್ತಿದ್ದಳು. ಮನೆಯ ಆಡಳಿತವೆಲ್ಲ ಅಮ್ಮಮ್ಮನದು, ಅಂದರೆ ಅಮ್ಮನ ತಾಯಿಯದು. ಊಟಕ್ಕೆ ಕೂರುವುದಕ್ಕೂ ಅವಳದೊಂದು ಕ್ರಮವಿತ್ತು: ಅವಳು ಒಲೆಗೆ ಬೆನ್ನು ಹಾಕಿ, ನಾನು ಅವಳ ಎದುರು, ನಡುವೆ ಕುಚ್ಚಲಕ್ಕಿ ಅನ್ನದ ಪಾತ್ರೆ, ನಾವುಂದದಿಂದ ಮೀನು ಬಂದ ದಿನವಾದರೆ ಬಂಗುಡೆಯ ಸಾರು. ಹೊಸ್ತಿನ ಹಬ್ಬದಂದು, ಅಂದರೆ ಹೊಸ ಭತ್ತದ ತೆನೆಯನ್ನು ಮನೆಗೆ ತರುವ ದಿನ, ಬಾಗಿಲಿಗೆ, ಬಾವಿಯ ರಾಟೆಗೆ, ನೇಗಿಲಿಗೆ, ಭತ್ತ ತುಂಬುವ ಕಣಜಕ್ಕೆ ಎಲ್ಲರ ಮನೆಯಂತೆ ನಮ್ಮಲ್ಲಿಯೂ ಕದಿರು ಕಟ್ಟುತ್ತಿದ್ದರು. ನಮ್ಮಲ್ಲಿ ಹೆಚ್ಚಿನದೊಂದಿತ್ತು: ಒಲೆಯ ಬಂಡೆಗೂ ಒಂದು ಕದಿರು. ಬಂಡೆಗೆ ಕಟ್ಟಲು ಬರುವುದಿಲ್ಲವಾದ್ದರಿಂದ ಅಮ್ಮಮ್ಮ ಅದನ್ನು ಸೆಗಣಿಯ ಮುದ್ದೆಯಲ್ಲಿ ಅಂಟಿಸುತ್ತಿದ್ದಳು. ಒಮ್ಮೆ ಕೇಳಿದೆ.

"ಕಲ್ಲಿಗ್ ಎಂತಕೆ ಕದಿರ್, ಅಮ್ಮಮ್ಮ? ಅದ್ ಉಣ್ತಾ?"

"ಉಣ್ತಿಲ್ಲೆ. ಹುಟ್ದಾರಭ್ಯ ನಮ್ಮನ್ ಹೊತ್ಕಂಡಿತ್ತಲ್ದಾ? ಹೊತ್ತರಿಗೆ ಒಂದ್ ಕದಿರೂ ಬ್ಯಾಡ್ದಾ ಹೆಣ್ಣೆ?"

ಅದು ನಮ್ಮನ್ನು ಹೊತ್ತದ್ದು ಮೊನ್ನೆ ಮೊನ್ನೆ. ಅದಕ್ಕೂ ಮೊದಲು ಅದು ಏನೇನನ್ನು ಹೊತ್ತಿತ್ತೆಂಬುದು ನನಗೆ ತಿಳಿದದ್ದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದ ಮೇಲೆ. ಗ್ರಾನೈಟು ಬೆಳಕಿನಲ್ಲಿ ಹುಟ್ಟಿದ ಕಲ್ಲಲ್ಲ. ನೆಲದಡಿ ಕಿಲೋಮೀಟರುಗಟ್ಟಲೆ ಆಳದಲ್ಲಿ, ಕರಗಿದ ಶಿಲಾರಸ ಮೇಲೆ ಬರಲು ದಾರಿ ಸಿಗದೆ ಅಲ್ಲಿಯೇ ನಿಂತು, ಲಕ್ಷಾಂತರ ವರ್ಷ ನಿಧಾನವಾಗಿ ತಣಿದು ಗಟ್ಟಿಯಾದದ್ದು ಅದು. ಕಲಕದೆ ಬಿಟ್ಟ ಸಕ್ಕರೆಯ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ, ಆ ನಿಧಾನದಿಂದಲೇ ಅದರ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಬೆಳೆದವು: ಗಾಜಿನಂತಿರುವುದು ಸ್ಫಟಿಕಶಿಲೆ, ಬಿಳಿಯದೂ ನಸುಗೆಂಪಿನದೂ ಫೆಲ್ಡ್‌ಸ್ಪಾರ್, ಕರಿಯ ಚಕ್ಕೆ ಅಭ್ರಕ. ನಮ್ಮ ನಾಡಿನ ಈ ತಳಶಿಲೆಯ ಪ್ರಾಯ ಮುನ್ನೂರು ಕೋಟಿ ವರ್ಷದ ಆಸುಪಾಸು. ಅಂದು ನೆಲದ ಮೇಲೆ ಒಂದು ಎಲೆಯಿರಲಿಲ್ಲ, ನೀರಿನಲ್ಲಿ ಒಂದು ಮೀನಿರಲಿಲ್ಲ. ಮೇಲೆ ಹೇರಿಕೊಂಡಿದ್ದ ಬೆಟ್ಟಗಳು ಮಳೆಗೂ ಗಾಳಿಗೂ ಸವೆದು ಕಡಲು ಸೇರಿದವು. ಭಾರ ಇಳಿದಂತೆ ಬಂಡೆ ಹಿಗ್ಗಿತು, ಈರುಳ್ಳಿಯ ಸಿಪ್ಪೆಯ ಹಾಗೆ ಪದರು ಪದರಾಗಿ ಬಿಚ್ಚಿತು. ನಮ್ಮ ಪಾದೆ ಅಂಥದೊಂದು ಪದರು. ಅದರ ಜಾತಿಯ ಬಂಡೆಗಳೇ ಕೊಳೆತು ಕೆಂಪಾಗಿ ಉಂಟಾದ ಮುರಕಲ್ಲು ನಮ್ಮ ಗೋಡೆಯಾಯಿತು. ಇಷ್ಟೆಲ್ಲ ಚರಿತ್ರೆಯಿರುವ ನೆಲವನ್ನು ಮುಂದೊಂದು ದಿನ ಸರಕಾರಿ ಕಾಗದವೊಂದು "ನಿರುಪಯುಕ್ತ ಬಂಡೆ ಪ್ರದೇಶ" ಎಂದು ಕರೆಯಿತು. ಮೂರು ಹೊತ್ತು ಅನ್ನ ಬೇಯುತ್ತಿದ್ದ, ಬೇಯಿಸಿದ ಭತ್ತವೂ ಹಲಸಿನ ಹಪ್ಪಳವೂ ಒಣಗುತ್ತಿದ್ದ ಜಾಗಕ್ಕೆ ಆ ಹೆಸರಿಟ್ಟವರು ಯಾರೆಂದು ನಾನು ಇಂದಿಗೂ ಕೇಳುತ್ತಿದ್ದೇನೆ.

ಬಾವಿಯ ಮಾತನ್ನು ಇಲ್ಲಿ ಹೇಳಲೇಬೇಕು. ಗ್ರಾನೈಟು ನೀರನ್ನು ಹೀರುವುದಿಲ್ಲ, ಹಿಡಿದಿಡುವುದೂ ಇಲ್ಲ. ಅದರಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಅಡುಗೆಮನೆಯ ಹಿಂದಿನ ನಮ್ಮ ಬಾವಿ ಮೇಲರ್ಧ ಮುರಕಲ್ಲಿನಲ್ಲೂ ಕೆಳಗರ್ಧ ಬಂಡೆಯಲ್ಲೂ ಇಳಿದಿತ್ತು. ಅದರ ಮೂಡಣ ಗೋಡೆಯಲ್ಲಿ ಓರೆಯಾಗಿ ಸಾಗಿದ ಹಳೆಯದೊಂದು ಬಿರುಕಿತ್ತು. ಒಸರು ಬರುತ್ತಿದ್ದದ್ದು ಅಲ್ಲಿಂದ. ಬಾವಿ ತೋಡಿದವರು ಯಾವ ಉಪಕರಣವೂ ಇಲ್ಲದೆ ಆ ಸೀಳನ್ನು ಹೇಗೆ ಕಂಡುಹಿಡಿದರೋ ತಿಳಿಯದು. ಮೇ ತಿಂಗಳಲ್ಲೂ ಬತ್ತದ ಆ ಒಸರಿನ ಮೇಲೆ ಅಮ್ಮಮ್ಮನಿಗೆ ಇದ್ದಷ್ಟು ನಂಬಿಕೆ ಅಳಿಯನ ಹೋಟೆಲಿನ ಮೇಲೆ ಇರಲಿಲ್ಲ. ಆ ಬಿರುಕು ನಮ್ಮ ಬಾವಿಯಲ್ಲಿ ಶುರುವಾಗಿ ಅಲ್ಲಿಯೇ ಮುಗಿಯುವಂಥದ್ದಲ್ಲ, ಪಾದೆಯ ಒಡಲಲ್ಲಿ ಮೂಡಣಕ್ಕೆ ಬಹುದೂರ ಹೋಗಿದೆ ಎಂಬುದು ನಮಗೆ ಆಗ ಗೊತ್ತಿರಲಿಲ್ಲ.

ನಾನು ಐದನೇ ತರಗತಿಯಲ್ಲಿದ್ದಾಗ ಪಾದೆಯ ಮೂಡಣ ತುದಿಯಲ್ಲಿ ಕಲ್ಲು ಒಡೆದು ತೆಗೆಯುವ ಕೋರೆ ಶುರುವಾಯಿತು. ಮೊದಲ ತಿಂಗಳುಗಳಲ್ಲಿ ಕೇಳಿದ್ದು ಸುತ್ತಿಗೆಯ ಸದ್ದು, ಆಮೇಲೆ ಯಂತ್ರದ್ದು, ಆಮೇಲೆ ಸಿಡಿಮದ್ದಿನದು. ಮಧ್ಯಾಹ್ನ ಒಂದಕ್ಕೆ ಸೈರನ್ ಕೂಗುತ್ತಿತ್ತು. ನಾವು ಉಣ್ಣುವ ಹೊತ್ತು. ಅಮ್ಮಮ್ಮ ಅನ್ನದ ಪಾತ್ರೆಗೆ ಮುಚ್ಚಳ ಹಾಕಿ, ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದಳು. ಸದ್ದು ಕಿವಿಗೆ ಬರುವ ಮೊದಲು ಪೃಷ್ಠಕ್ಕೆ ಬರುತ್ತಿತ್ತು. ಬಂಡೆಯ ಮೇಲೆ ಕೂತವರಿಗೆ ಮಾತ್ರ ಗೊತ್ತಾಗುವ ಸಂಗತಿಯದು: ಗಾಳಿಗಿಂತ ಕಲ್ಲಿನಲ್ಲಿ ಕಂಪನ ಬೇಗ ಓಡುತ್ತದೆ. ಲೋಟದ ನೀರಿನಲ್ಲಿ ಬಳೆಗಳು ಎದ್ದು ಮಾಯವಾಗುವುದನ್ನು ನೋಡುವುದು ನನಗೆ ಆಟವಾಗಿತ್ತು. ಎರಡನೇ ವರ್ಷ ಚಾವಡಿಯ ಕಿಟಕಿಯ ಮೂಲೆಯಿಂದ ಒಂದು ಬಿರುಕು ಓರೆಯಾಗಿ ಕೆಳಗಿಳಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಕಿರುಬೆರಳು ಹೋಗುವಷ್ಟು ಅಗಲವಾಯಿತು. ಆಮೇಲೆ ಒಂದು ದಿನ ಅಡುಗೆಮನೆಯ ನೆಲದಲ್ಲಿ, ನಾನು ಮಲಗುತ್ತಿದ್ದ ಜಾಗದ ಪಕ್ಕದಲ್ಲೇ, ಕೂದಲೆಳೆಯಂಥ ಗೆರೆಯೊಂದು ಕಾಣಿಸಿತು. ಬಾವಿಯ ನೀರು ಕದಡತೊಡಗಿತು.

ಬಿರುಕನ್ನು ಓದಲು ನನಗೆ ಕಲಿಸಿದವನು ಬಾಬಣ್ಣ. ಅವನು ಕೈಯಿಂದಲೇ ಬೇಲಿಕಂಬ ಸೀಳುವ ಹಳೆಯ ಕಲ್ಲುಕುಟಿಗ; ವರ್ಷಕ್ಕೊಮ್ಮೆ ನಮ್ಮ ಪಾದೆಯ ಅಂಚಿನ ಸಡಿಲ ಬಂಡೆಗಳಲ್ಲಿ ನಾಲ್ಕಾರು ಕಂಬ ತೆಗೆಯಲು ಬರುತ್ತಿದ್ದ. ಒಂದು ಸಾಲಿನಲ್ಲಿ ಬೆರಳುದ್ದದ ಗುಳಿಗಳನ್ನು ಕೊರೆದು, ಪ್ರತಿಯೊಂದಕ್ಕೂ ಉಕ್ಕಿನ ಮೊಳೆಯಿಟ್ಟು, ಈ ತುದಿಯಿಂದ ಆ ತುದಿಗೆ ಸಮನಾಗಿ ಬಡಿಯುತ್ತ ಹೋಗುತ್ತಿದ್ದ. ಸಿಟ್ಟಿನಿಂದ ಒಂದಕ್ಕೆ ಹೆಚ್ಚು ಹೊಡೆದರೆ ಕಂಬ ಹಾಳು. ಹೊಡೆತಗಳ ನಡುವೆ ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚುತ್ತಿದ್ದ; ಆ ಬಿಡುವಿನಲ್ಲಿ ಕಲ್ಲು ತಾನಾಗಿ, ಮೆತ್ತಗೆ, ನೇರವಾಗಿ ಬಿಟ್ಟುಕೊಡುತ್ತಿತ್ತು.

"ಹ್ವಾಯ್, ಸಣ್ ಟೀಚರೇ, ಇಲ್ ಬನ್ನಿ. ಕೆಮಿ ಕೊಡಿ," ಎಂದು ನನ್ನ ಕಿವಿಯನ್ನು ಬಂಡೆಗೆ ಹಚ್ಚಿಸಿ ದೂರದಲ್ಲಿ ಬಡಿಯುತ್ತಿದ್ದ. "ಎಂತ ಕೇಂತ್?"

"ಗಂಟಿ ಹೊಡ್ದಂಗೆ."

"ಹಾಂ. ಅದ್ ಜೀವ ಇದ್ದ್ ಕಲ್ಲ್. ಈಗ?"

"ಒಡ್ದ್ ಮಡ್ಕಿ ಹೊಡ್ದಂಗೆ."

"ಪಾಸ್!"

ಅಡುಗೆಮನೆಯ ಗೆರೆಯನ್ನು ತೋರಿಸಿದಾಗ ಅವನು ಬೀಡಿ ಆರಿಸಿ, ನೆಲಕ್ಕೆ ಮೊಣಕಾಲೂರಿ ನೋಡಿದ. ಆಮೇಲೆ ಬಾವಿಯ ದಂಡೆಯಿಂದ ಹಳೆಯ ಬಿರುಕನ್ನೂ ತೋರಿಸಿದ.

"ಕಾಣಿ, ಹಳಿ ಬಿರ್ಕಿಗೆ ಬಣ್ಣ ಇರತ್ತ್. ಕೆಂಪ್ ಹಿಡ್ದಿರತ್ತ್, ಒಳ್ಗ್ ಮಣ್ಣ್ ಕೂಕಂಡಿರತ್ತ್, ಬೇರ್ ಹೊಕ್ಕಿರತ್ತ್. ಹೊಸದ್ ಹಾಂಗಲ್ಲ. ಹಲ್ಲ್ ಕಂಡಂಗೆ ಬೆಳ್ಳಗ್ ಕಾಂತ್. ನಿಮ್ಮನಿ ನೆಲದ್ದ್ ಹಲ್ಲ್, ಮಾರಾಯ್ರೆ."

ಮುಂದೆ ಪ್ರಾಧ್ಯಾಪಕರು ಶಿಲಾಸೀಳುಗಳ ಪಾಠವನ್ನು ವಾರಗಟ್ಟಲೆ ಮಾಡಿದರು. ಬೈಂದೂರಿನ ಕಡಲಬಂಡೆಗಳಿಂದ ಘಟ್ಟದ ಬುಡದವರೆಗೆ ಅಳತೆಪಟ್ಟಿ ಹಿಡಿದು ಅಲೆದೆ. ಬಾಬಣ್ಣ ಆ ಬೆಳಿಗ್ಗೆ ಹೇಳಿದ ನಾಲ್ಕು ಮಾತುಗಳಲ್ಲಿ ತಿದ್ದಬೇಕಾದ್ದು ಯಾವುದೂ ಸಿಗಲಿಲ್ಲ.

ಅಮ್ಮ ಅರ್ಜಿ ಬರೆದಳು. ಒಂದಲ್ಲ, ನಾಲ್ಕು. ಕೊನೆಗೆ ಕುಂದಾಪುರದ ಕಚೇರಿಯೊಂದರಿಂದ ಪತ್ರ ಬಂತು: ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಸ್ಥಳ ಪರಿಶೀಲನೆ, ಬಿರುಕುಗಳನ್ನು ತೋರಿಸಬೇಕು. ಅಮ್ಮ ಗುರುವಾರ ಮಧ್ಯಾಹ್ನಕ್ಕೆ ರಜೆ ಹಾಕಿದಳು. ಬುಧವಾರ ನಾನು ಕೆಮ್ಮಿನ ನೆಪ ಹೇಳಿ ಮನೆಯಲ್ಲಿ ಉಳಿದೆ. ಅಮ್ಮ ಬಸ್ಸು ಹತ್ತಿದ್ದೇ ತಡ, ಅಮ್ಮಮ್ಮ ಸೀರೆ ಎತ್ತಿಕಟ್ಟಿ ಅಟ್ಟದಿಂದ ಚಿಪ್ಪಿಸುಣ್ಣದ ಡಬ್ಬಿ ಇಳಿಸಿದಳು.

"ಬಾ ಹೆಣ್ಣೆ, ಬೆಲ್ಲದ್ ನೀರ್ ತಕಂಡ್ ಬಾ. ನಾಳಿ ಆಪೀಸರ್ ಬತ್ರ್. ಮನಿ ಹೀಂಗಿದ್ರೆ ಎಂತ ಹೇಳುದಿಲ್ಲೆ ಅವ್ರ್?"

ಸುಣ್ಣಕ್ಕೆ ನಯವಾದ ಮರಳು ಸೇರಿಸಿ, ಬೆಲ್ಲದ ನೀರಿನಲ್ಲಿ ಕಲಸಿ, ಚಾವಡಿಯ ಬಿರುಕಿಗೆ ಅವಳು ಗಿಡಿಯುತ್ತ ಹೋದಳು. ಬೆರಳಿನಿಂದ ಒರೆಸಿ ನಯಗೊಳಿಸುವ ಕೆಲಸ ನನ್ನದು. ಆಮೇಲೆ ಇಡೀ ಗೋಡೆಗೆ ತೆಳುಸುಣ್ಣ ಬಳಿದೆವು. ಅಡುಗೆಮನೆಯ ನೆಲವನ್ನು ಸೆಗಣಿಗೆ ಗೆರಟೆಯ ಮಸಿ ಕಲಸಿ ಸಾರಿಸಿದೆವು. ಗೆರೆ ಅದರಡಿ ಅಡಗಿತು. ಅವಳ ಲೆಕ್ಕ ಸರಳವಾಗಿತ್ತು. ಹೊರಗಿನ ದೊಡ್ಡವರು ಮನೆಗೆ ಬರುವುದೆಂದರೆ ಹೆಣ್ಣು ನೋಡಲು ಬರುವುದು, ಇಲ್ಲವೇ ಊಟಕ್ಕೆ ಬರುವುದು. ಎರಡಕ್ಕೂ ಗೋಡೆ ಬೆಳ್ಳಗಿರಬೇಕು. ಒಡೆದ ಗೋಡೆಯನ್ನು ಅಪರಿಚಿತನಿಗೆ ಬೆರಳು ಮಾಡಿ ತೋರಿಸುವ ರಿವಾಜು ನಮ್ಮ ಕಡೆಯ ಯಾವ ಮನೆಯಲ್ಲಿಯೂ ಇಲ್ಲ. ಆದರೆ ನಾನು ಆ ಪತ್ರವನ್ನು ಓದಿದ್ದೆ. ಬರುವವರು ಏನನ್ನು ನೋಡಲು ಬರುತ್ತಾರೆಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು; ಹೇಳಲಿಲ್ಲ. ನನ್ನ ಬೆರಳಿನಡಿ ಬಿರುಕು ಕಣ್ಮರೆಯಾಗುವುದು ನೋಡಲು ಅಷ್ಟು ಚೆಂದವಿತ್ತು.

ಸಂಜೆ ಅಮ್ಮ ಚಾವಡಿಗೆ ಕಾಲಿಟ್ಟವಳು ಚಪ್ಪಲಿಯಲ್ಲೇ ನಿಂತುಬಿಟ್ಟಳು.

"ಎಂತ ಮಾಡಿದ್ಯೆ ನೀನ್!"

"ಎಂತ ಮಾಡ್ದೆ? ಮನಿ ಚೆಂದ ಮಾಡ್ದೆ."

"ಅವ್ರ್ ಬಪ್ಪುದ್ ಬಿರ್ಕ್ ಕಾಂಬುಕೆ ಅಮ್ಮಾ! ಚೆಂದ ಕಾಂಬುಕಲ್ಲ!"

"ನಂಗ್ ಬಾಯಿಲ್ಯಾ? ಇಲ್ಲಿತ್ತ್, ಅಲ್ಲಿತ್ತ್ ಅಂದ್ ಹೇಳ್ತೆ. ಹರ್ಕ್ ಸೀರಿ ಉಟ್ಕಂಡ್ ಜನರ ಎದ್ರ್ ನಿಲ್ಲುಕ್ ನನ್ನಿಂದ ಆತಿಲ್ಲ."

ಅಮ್ಮ ಅಡುಗೆಮನೆಯಿಂದ ಚೂರಿ ತಂದಳು. ಅಮ್ಮಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಮೊದ್ಲ್ ನನ್ನನ್ ಕೆರಿ. ಮತ್ತ್ ಗ್ವಾಡಿ," ಎಂದಳು. ಅಮ್ಮ ಚೂರಿಯನ್ನು ಅಂಗಳಕ್ಕೆ ಎಸೆದು, ನಾಳೆ ಎರಡು ಗಂಟೆಗೆ ತಾನೇ ಇರುತ್ತೇನಲ್ಲ, ಬಾಯಿ ಬಿಟ್ಟು ಹೇಳುತ್ತೇನೆ ಎಂದು ಒಳಗೆ ಹೋದಳು. ಆ ದಿನ ನಮ್ಮ ಮನೆಯಲ್ಲಿ ಮೂವರು ಮೂರು ಕಡೆ ಉಂಡರು. ಅಮ್ಮಮ್ಮನ ಬೆನ್ನ ಮೇಲೆ ಸುಣ್ಣದ ಗುರುತು ಹಾಗೆಯೇ ಇತ್ತು.

ಜೀಪು ಬಂದದ್ದು ಎರಡು ಗಂಟೆಗಲ್ಲ, ಬೆಳಿಗ್ಗೆ ಹತ್ತಕ್ಕೆ. ಅದು ಕೋರೆಯ ಜೀಪು. ಅಧಿಕಾರಿಯ ಜೊತೆ ಇಳಿದವನು ಕೋರೆಯ ಮ್ಯಾನೇಜರು. ಅಮ್ಮ ಆಗ ಶಾಲೆಯಲ್ಲಿದ್ದಳು. ಅಮ್ಮಮ್ಮ ಪೆಟ್ಟಿಗೆಯ ಸೀರೆಯುಟ್ಟು, ಚಾವಡಿಯಲ್ಲಿ ಕುರ್ಚಿ ಹಾಕಿ, ಬೆಲ್ಲನೀರು ಕೊಟ್ಟಳು. ಲೋಟಗಳ ತಟ್ಟೆ ಹಿಡಿದವಳು ಕೆಮ್ಮಿನ ನೆಪದಲ್ಲಿ ಇನ್ನೂ ಮನೆಯಲ್ಲೇ ಇದ್ದ ನಾನು. ಅಧಿಕಾರಿ ಒರಟರಲ್ಲ, ಅದನ್ನು ಬರೆಯದಿದ್ದರೆ ಅನ್ಯಾಯವಾದೀತು. ನಗುಮುಖ, ಮೆತ್ತಗಿನ ಮಾತು.

"ಏನಮ್ಮಾ, ಮನೆಯಲ್ಲಿ ಎಲ್ಲ ಸೌಖ್ಯವೇ? ಏನಾದರೂ ತೊಂದರೆ ಇದೆಯೇ?"

ಮನೆಗೆ ಬಂದವರು ಹೀಗೆ ಕೇಳಿದರೆ ನಮ್ಮ ಹೆಂಗಸರು ಹೇಳುವುದು ಒಂದೇ ಮಾತು.

"ಎಂತ ತೊಂದ್ರಿಯೂ ಇಲ್ಲೆ, ದೇವ್ರ್ ದಯ. ನೀವ್ ಕೂಕಣಿ."

ಅವರ ಪೆನ್ನು ಓಡಿತು. ನಾನು ಅದನ್ನು ನೋಡಿದೆ. ಆಮೇಲೆ ಎದ್ದು ಗೋಡೆಯ ಬಳಿ ಹೋಗಿ ಕೈಯಿಟ್ಟರು. ಸುಣ್ಣ ಇನ್ನೂ ಹಸಿಯಿತ್ತು. ನಾಲ್ಕು ಬೆರಳ ತುದಿ ಬೆಳ್ಳಗಾಯಿತು. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು, ಗೋಡೆಯನ್ನು ನೋಡಿದರು, ಕಿಸೆಯಿಂದ ಕರವಸ್ತ್ರ ತೆಗೆದು ಒರೆಸಿಕೊಂಡರು.

ಮ್ಯಾನೇಜರು ನಕ್ಕ. "ಮದಿ ಮನಿ ಹಾಂಗ್ ಇತ್ತಲೆ ಸಾರ್! ಎಲ್ಲಿತ್ತ್ ಬಿರ್ಕ್?"

ಆಗ ಅಮ್ಮಮ್ಮನಿಗೆ ಹೊಳೆಯಿತು. "ಬಿರ್ಕ್ ಇತ್ತ್ ಕಾಣಿ... ಅಲ್ಲೇ ಇತ್ತ್... ನಾವ್ ಮುಚ್ಚಿದ್ದ್..."

"ಮುಚ್ಚಿದ್ದನ್ನು ನಾನು ಹೇಗೆ ನೋಡಲಿ, ಅಮ್ಮಾ?" ಎಂದು ಅವರು ಅದೇ ಮೆತ್ತಗಿನ ದನಿಯಲ್ಲಿ ಕೇಳಿ, ಕಾಗದಕ್ಕೆ ಅವಳ ಸಹಿ ಪಡೆದರು. ಬಾವಿಯ ಕಡೆ ಹೋಗಲೇ ಇಲ್ಲ. ಎರಡು ಗಂಟೆಗೆ ಅಮ್ಮ ಓಡುತ್ತ ಬಂದಾಗ ಅಂಗಳದಲ್ಲಿ ಜೀಪಿನ ಚಕ್ರದ ಗುರುತಿತ್ತು.

ವರದಿಯ ಪ್ರತಿ ತಿಂಗಳ ಮೇಲೆ ಬಂತು. ಮನೆಯ ಗೋಡೆ ಮತ್ತು ನೆಲ ಸುಸ್ಥಿತಿಯಲ್ಲಿರುವುದು ಕಂಡುಬಂದಿದೆ, ಮನೆಯ ಹಿರಿಯರು ತಮಗೆ ಯಾವುದೇ ತೊಂದರೆ ಇಲ್ಲವೆಂದು ಸ್ವಇಚ್ಛೆಯಿಂದ ತಿಳಿಸಿರುತ್ತಾರೆ, ಎಂದಿತ್ತು. ಅಮ್ಮ ಅದನ್ನು ಗಟ್ಟಿಯಾಗಿ ಓದಿದಳು. ಅಮ್ಮಮ್ಮ ಕೇಳಿಸಿಕೊಂಡು ಹಿತ್ತಿಲಿಗೆ ಹೋದಳು. ಆ ವಾಕ್ಯವನ್ನು ನಾನು ಎಷ್ಟೋ ವರ್ಷ ತಿ­­­­ರುಗಿಸಿ ಮುರುಗಿಸಿ ನೋಡಿದ್ದೇನೆ. ಅದರಲ್ಲಿ ಸುಳ್ಳೆಂದು ತೋರಿಸಬಹುದಾದ ಒಂದು ಪದವಿಲ್ಲ. ಅವರ ಜಾಣತನ ಅದು. ಅಮ್ಮಮ್ಮನ ತಪ್ಪು ನಾಚಿಕೆಯದು, ನನ್ನದು ಬಾಯಿ ಮುಚ್ಚಿಕೊಂಡದ್ದು. ಅವೆರಡನ್ನೂ ನಾನು ಒಪ್ಪಿಕೊಂಡಿದ್ದೇನೆ. ಅಧಿಕಾರಿ ಕೇಳಬೇಕಿದ್ದದ್ದು ಎರಡೇ ಪ್ರಶ್ನೆ: ಪರಿಶೀಲನೆಯ ಮುನ್ನಾದಿನ ಬಳಿದ ಸುಣ್ಣದಡಿ ಏನಿದೆ? ಬಾವಿ ಎಲ್ಲಿದೆ? ಕೇಳುವುದಕ್ಕಾಗಿಯೇ ನೇಮಕಗೊಂಡವರು ಕೇಳದೆ ಇರುವುದನ್ನು ಮರೆವು ಎನ್ನಲು ನಾನು ತಯಾರಿಲ್ಲ.

ವರದಿ ಬಂದ ಮೇಲೆ ಕೋರೆಗೆ ಧೈರ್ಯ ಬಂತು. ಸಿಡಿತ ನಮ್ಮ ಬೇಲಿಯತ್ತ ಸರಿಯಿತು. ಶಿವರಾತ್ರಿ ಕಳೆದ ಮೇಲೆ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಸೇರಿಸಬೇಕಾಯಿತು; ಅದಾಗಿ ಹದಿನೈದು ದಿನಕ್ಕೆ ಕೊಡಪಾನ ಕಲ್ಲಿಗೆ ತಾಗಿ ಸದ್ದು ಮಾಡಿತು. ಬಾಬಣ್ಣನನ್ನು ಕರೆಸಿದೆವು. ಅವನು ಹಗ್ಗ ಹಿಡಿದು ಇಳಿದು, ಮೇಲೆ ಬಂದು, ಅಂಗೈ ಬಿಚ್ಚಿ ಒಂದು ಚಕ್ಕೆ ತೋರಿಸಿದ. ಒಂದು ಮೈ ಕೆಂಪು ಹಿಡಿದು ಮಣ್ಣಾಗಿತ್ತು, ಇನ್ನೊಂದು ಮೈ ಹಲ್ಲಿನಂತೆ ಬೆಳ್ಳಗಿತ್ತು.

"ಹಳಿ ಬಿರ್ಕನ್ನ್ ಅಡ್ಡ ಸೀಳಿತ್ತ್ ಅಮ್ಮಾ. ನೀರಿನ್ ದಾರಿ ಬ್ಯಾರೆ ಆಯ್ತ್. ಕೋರಿ ಗುಂಡಿ ಒಳ್ಗ್ ಪಂಪ್ ಇಟ್ಕಂಡ್ ಎತ್ತುದ್ ಎಂತ ಅಂದ್ ಮಾಡಿದ್ರಿ? ನಿಮ್ ಒಸ್ರೇ."

ಅಮ್ಮಮ್ಮ ಆ ಚಕ್ಕೆಯನ್ನು ಒಯ್ದು ಒಲೆಯ ಬಂಡೆಯ ಮೇಲಿಟ್ಟಳು. ಮರುದಿನ ಕತ್ತಿ ಹಿಡಿದು ಚಾವಡಿಯ ಸುಣ್ಣವನ್ನು ತಾನೇ ಕೆರೆದಳು. ಬೆಲ್ಲ ಹಾಕಿ ಕಲಸಿದ ಸುಣ್ಣ, ಕಲ್ಲಿನಂತೆ ಗಟ್ಟಿಯಾಗಿತ್ತು. ಮಧ್ಯಾಹ್ನದವರೆಗೆ ಕೆರೆದಳು. ಅಮ್ಮ ಹೊಸ ಅರ್ಜಿ ಬರೆಯಲು ಕೂತರೆ ಕಾಗದ ಎಳೆದುಕೊಂಡಳು.

"ನೀ ಬರುದ್ ಬ್ಯಾಡ. ಹೇಳಿದ್ದ್ ನಾನ್. ಹೋಪುದೂ ನಾನೇ."

ಕುಂದಾಪುರಕ್ಕೆ ಅವಳ ಜೊತೆ ಹೋದವಳು ನಾನು. ಕಚೇರಿಯಲ್ಲಿ ಗುಮಾಸ್ತರೊಬ್ಬರು, ಗೋಡೆಯ ಬೆಂಚಿನ ಮೇಲೆ ಕಾಯುತ್ತಿದ್ದ ಏಳೆಂಟು ಜನ. ಅವರಲ್ಲಿ ಇಬ್ಬರು ನಮ್ಮ ಗುರುತಿನವರು. ಅಮ್ಮಮ್ಮ ನಿಂತುಕೊಂಡೇ ವಿಷಯ ಹೇಳಿದಳು. ಗುಮಾಸ್ತರು ಕಡತ ತೆಗೆದು ನೋಡಿ ತಲೆಯಾಡಿಸಿದರು.

"ಅಜ್ಜಿ, ಒಂದ್ ಸರ್ತಿ ಕೊಟ್ಟ್ ಹೇಳ್ಕಿ ಬದ್ಲ್ ಮಾಡುಕ್ ಆತಿಲ್ಲ."

"ಬದ್ಲ್ ಮಾಡ್ ಅಂದ್ ಯಾರ್ ಹೇಳ್ರ್? ಅದ್ ಹಾಂಗೇ ಇರ್ಲಿ. ಅದ್ರ್ ಕೆಳ್ಗ್ ಇನ್ನೊಂದ್ ಬರಿ. ನಾ ಸುಳ್ಳ್ ಹೇಳಿದೆ ಅಂದ್ ಬರಿ."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಗುಮಾಸ್ತರು ದನಿ ತಗ್ಗಿಸಿದರು.

"ಹಾಂಗೆಲ್ಲ ಬರ್ದ್ರೆ ನಿಮ್ಗೇ ತೊಂದ್ರಿ ಅಜ್ಜಿ. ತಪ್ಪು ತಿಳಿವಳಿಕೆಯಿಂದ ಅಂದ್ ಹಾಕುವಾ?"

"ತಿಳಿವಳ್ಕಿ ಎಲ್ಲ ಸಮಾ ಇದ್ದಿತ್. ನಾಚ್ಕಿ ಆಯ್ತ್, ಸುಳ್ಳ್ ಹೇಳಿದೆ. ಮನಿಗ್ ಬಂದರ್ ಎದ್ರ್ ಗ್ವಾಡಿ ಒಡ್ದಿತ್ತ್ ಅಂಬುಕ್ ನಾಲ್ಗಿ ಬರ್ಲಿಲ್ಲ. ಹಾಂಗೇ ಬರಿ. ಸುಣ್ಣ ಹಸಿ ಇದ್ದದ್ದ್, ಅವ್ರ್ ಕೈಗ್ ಹತ್ತಿದ್ದ್, ಒರ್ಸ್ಕಂಡದ್ದ್, ಅದೂ ಬರಿ."

ಅವರು ಬರೆದರು. ಬೇರೆ ದಾರಿ ಇರಲಿಲ್ಲ. ಅವಳು ಮೇಜಿನ ಅಂಚು ಬಿಟ್ಟಿರಲಿಲ್ಲ. ಬರೆದದ್ದನ್ನು ನನ್ನ ಕೈಗೆ ಕೊಡಿಸಿ, "ಓದ್. ಗಟ್ಟಿ," ಎಂದಳು. ಹನ್ನೆರಡು ದಾಟಿದ್ದ ನಾನು ಆ ಜನರೆದುರು ನನ್ನ ಅಮ್ಮಮ್ಮ ಸುಳ್ಳು ಹೇಳಿದಳೆಂದು ಓದಿದೆ. ನನ್ನ ದನಿ ನಡುಗುತ್ತಿತ್ತು. ಅವಳ ಕತ್ತು ಬಾಗಿರಲಿಲ್ಲ. ಊರಿನಲ್ಲಿ ಅವಳ ಮಾತಿಗೆ ಎಷ್ಟು ತೂಕವಿತ್ತೆಂದು ಬಲ್ಲವರಿಗೆ ಮಾತ್ರ ಅವಳು ಅಲ್ಲಿ ಕಳೆದುಕೊಂಡದ್ದು ಏನೆಂದು ಗೊತ್ತಾದೀತು. ಸಹಿ ಹಾಕಿ, ಅಧಿಕಾರಿ ಎಲ್ಲಿ ಎಂದು ಕೇಳಿದಳು. ಹೊರಗೆ ಹೋಗಿದ್ದಾರೆ ಎಂದರು. ಕಚೇರಿ ಮುಚ್ಚುವವರೆಗೆ ಬೆಂಚಿನ ಮೇಲೆ ಕಾದೆವು. ಅವರು ಬರಲಿಲ್ಲ. ಪ್ರತಿಯನ್ನು ಅಂಚೆಯಲ್ಲಿ ಕಳಿಸುತ್ತೇವೆಂದರು, ನಂಬಿ ಎದ್ದೆವು. ಅದು ನಮ್ಮ ಮನೆಯ ಮೂರನೆಯ ತಪ್ಪು.

ಪ್ರತಿ ಬರಲಿಲ್ಲ. ಆದರೆ ತಿಂಗಳೆರಡರಲ್ಲಿ ನಮ್ಮ ಬದಿಯ ಸಿಡಿತ ನಿಂತಿತು. ಪತ್ರವಿಲ್ಲ, ಕಾರಣವಿಲ್ಲ, ಕ್ಷಮೆಯಿಲ್ಲ. ಕೋರೆ ಆಚೆಯ ಗುಂಡಿಗೆ ಸರಿಯಿತು, ಅಷ್ಟೆ. ಒಸರು ಹಿಂದಿರುಗಲಿಲ್ಲ. ಒಡೆದ ಮೂಳೆ ಕೂಡುತ್ತದೆ, ಒಡೆದ ಗ್ರಾನೈಟು ಕೂಡುವುದಿಲ್ಲ. ಬಾವಿಯಲ್ಲಿ ಈಗಲೂ ನೀರಿರುವುದು ಶಿವರಾತ್ರಿಯವರೆಗೆ ಮಾತ್ರ; ಆಮೇಲೆ ಪಂಚಾಯತಿಯ ನಳ್ಳಿ. ನಾನು ಭೂವಿಜ್ಞಾನ ಆರಿಸಿಕೊಂಡದ್ದು ಕಲ್ಲಿನ ಸೌಂದರ್ಯಕ್ಕೆ ಮಾರುಹೋಗಿಯಲ್ಲ. ಬಿರುಕೊಂದು ಎಂದು, ಯಾವ ದಿಕ್ಕಿನಿಂದ, ಯಾವುದರ ಒತ್ತಡಕ್ಕೆ ಉಂಟಾಯಿತೆಂದು ಯಾವ ಅಧಿಕಾರಿಯ ಎದುರೂ ನಡುಗದೆ ಓದಿ ಹೇಳುವವಳಾಗಬೇಕಿತ್ತು ನನಗೆ. ಈಗ ಆಗಿದ್ದೇನೆ. ಆ ನೆಲವನ್ನು ಅಳೆದು ನಕ್ಷೆ ಬರೆದಿದ್ದೇನೆ: ಹಳೆಯ ಸೀಳುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಹೋಗುತ್ತವೆ, ಹೊಸವು ಅವನ್ನು ಅಡ್ಡ ಕತ್ತರಿಸಿ ಕೋರೆಯತ್ತ ಬೆರಳು ಮಾಡುತ್ತವೆ.

ಈ ವರ್ಷ ಕೋರೆಯನ್ನು ಪಡುವಣಕ್ಕೆ, ಅಂದರೆ ಮತ್ತೆ ನಮ್ಮ ಅಡುಗೆಮನೆಯತ್ತ, ವಿಸ್ತರಿಸಲು ಹೊಸ ಅರ್ಜಿ ಬಿದ್ದಿದೆ. ಸಾರ್ವಜನಿಕ ಅಹವಾಲು ಸಭೆಗೆ ದಿನ ಗೊತ್ತಾಗಿದೆ. ಅರ್ಜಿಯ ಜೊತೆಗಿಟ್ಟ ದಾಖಲೆಗಳನ್ನು ಹಾಳೆ ಹಾಳೆಯಾಗಿ ನೋಡಿದೆ. ಹತ್ತಿರದ ನಿವಾಸಿಗಳಿಗೆ ತೊಂದರೆ ಇಲ್ಲವೆಂಬುದಕ್ಕೆ ಸಾಕ್ಷಿಯಾಗಿ ಅದೇ ಹಳೆಯ ವರದಿ, ಅಮ್ಮಮ್ಮನ ಸಹಿ. ಎರಡನೆಯ ಹೇಳಿಕೆ ಎಲ್ಲಿ ಎಂದು ಲಿಖಿತವಾಗಿ ಕೇಳಿದೆ. ಅಂಥದ್ದು ಕಡತದಲ್ಲಿ ಇಲ್ಲ ಎಂದು ಲಿಖಿತವಾಗಿಯೇ ಉತ್ತರ ಬಂತು. ಯಾರು ತೆಗೆದರು, ಯಾವಾಗ ತೆಗೆದರು, ತೆಗೆದವರ ಮೇಲಿನವರು ಯಾರು ಎಂದು ಮತ್ತೆ ಕೇಳಿದ್ದೇನೆ. ಉತ್ತರ ಬರುವವರೆಗೆ ಕೇಳುತ್ತಿರುತ್ತೇನೆ. ಸಭೆಯ ನೋಟೀಸನ್ನು ಅಮ್ಮಮ್ಮನಿಗೆ ಓದಿ ಹೇಳಲು ಹೋದಾಗ ಅವಳು ಒಲೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಎಂಬತ್ತರ ಹತ್ತಿರದ ಕಣ್ಣು. ಕಲ್ಲನ್ನು ಕಣ್ಣಿಗಿಂತ ಬೆರಳಿನಿಂದ ಬೇಗ ಹುಡುಕುತ್ತಾಳೆ.

"ನಾ ಸುಳ್ಳ್ ಹೇಳಿದ್ ಕಾಗ್ದ ಇನ್ನೂ ಇತ್ತಾ?"

"ಇತ್ತ್ ಅಮ್ಮಮ್ಮ. ಸೀಲ್ ಸಮೇತ ಇತ್ತ್."

"ಸತ್ಯ ಹೇಳಿದ್ದ್?"

"ಅದ್ ಇಲ್ಲೆ ಅಂಬ್ರ್."

ಅವಳು ಮೊರವನ್ನು ಕೆಳಗಿಟ್ಟಳು.

"ನಾ ಸತ್ತ್ ಹೋಯ್ದೆ ಅಂದ್ ಎಣಿಸ್ಕಂಡಿರ್ಕ್ ಅವ್ರ್. ಸಭಿ ಎಷ್ಟ್ ಗಂಟಿಗೆ?"

"ಹನ್ನೊಂದಕ್ಕೆ."

"ಬೇಗ ಹೋಪ. ಮುಂದಿನ್ ಸಾಲಲ್ ಕೂಕಣ್ಕ್. ಮೈಕ್ ಕೊಡ್ತ್ರಾ?"

"ಕೇಳಿದ್ರೆ ಕೊಡ್ಕ್."

"ಕೊಡ್ದಿರೂ ಅಡ್ಡಿಲ್ಲೆ," ಎಂದಳು. "ನನ್ನ್ ಸ್ವರ ಸಾಕ್."